ಬಾಣಂತಿ ಕೋಣೆಗೊಂದು ತಂಪಿನ ಯೋಜನೆ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಶಾಲೆಯಲ್ಲಿ ಪ್ರಯೋಗ ಕೆಟ್ಟರೆ ಅಷ್ಟೊತ್ತಿಗೆ ಗಂಟೆ ಹೊಡೆದು ಮಾನ ಉಳಿಯುತ್ತದೆ. ಮನೆಯಲ್ಲಿ ಕೆಟ್ಟರೆ ಓಣಿಯವರೆಲ್ಲ ಬಂದು ನೋಡಿ, ಚಹಾ ಕುಡಿದು ಹೋಗುತ್ತಾರೆ. ನನಗೆ ಇಂಥವು ಆಗುತ್ತಲೇ ಇರುತ್ತವೆ. ಆದರೆ ಸಾಲುಸಾಲಾಗಿ ಆದದ್ದು ನಮ್ಮ ಹಳೇ ಮನೆಯನ್ನು ತಂಪು ಮಾಡಲು ಹೊರಟ ವರ್ಷ.

ಹೊಸಪೇಟೆಯ ರಸ್ತೆಗಳಲ್ಲಿ ಹಗಲೆಲ್ಲ ಅದಿರಿನ ಲಾರಿ ಓಡುತ್ತಿದ್ದ ಕಾಲ ಅದು. ನಮ್ಮದು ಕಲ್ಲು ಗೋಡೆಯ ಮನೆ. ಮಣ್ಣಿನ ಮಾಳಿಗೆ ಸೋರುತ್ತದೆ ಎಂದು ಮಾವನವರು ತಮ್ಮ ಕಾಲದಲ್ಲಿ ಅದನ್ನು ತೆಗೆಸಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದ್ದರು. ಪಡಸಾಲೆಯ ಮೇಲೆ ಮಾತ್ರ ಹಳೆಯ ಮಾಳಿಗೆ ಉಳಿದಿತ್ತು. ಒಳಕೋಣೆ ಸೋರುವುದು ನಿಂತಿತು, ಸುಡುವುದು ಶುರುವಾಯಿತು.

ಸಂಕ್ರಾಂತಿ ಕಳೆದ ಮೇಲೆ ಗಂಡನ ಮನೆಯಿಂದ ಮಗಳು ಫೋನ್ ಮಾಡಿದಳು. ಚೊಚ್ಚಲ ಹೆರಿಗೆ, ಏಪ್ರಿಲ್ ಕೊನೆಗೆ ದಿನ. "ಅವ್ವಾ, ಆ ಒಳಗಿನ ಕ್ವಾಣ್ಯಾಗ ಬ್ಯಾಸಿಗಿ ಕಳಿಯಾಕ ನನ್ನ ಕೈಲಿ ಆಗೂದಿಲ್ಲ. ಕೂಸಿಗೆ ಮೈತುಂಬ ಬೆವರುಸಾಲಿ ಏಳ್ತಾವ. ನಾ ಇಲ್ಲೇ ಇರ್ತೀನಿ," ಎಂದಳು. ಮಗಳ ಮೊದಲ ಬಾಣಂತನ ತವರಿನಲ್ಲಿ ಆಗದಿದ್ದರೆ ಜನ ಆಡಿಕೊಳ್ಳುವುದು ಒಂದು ಕಡೆ ಇರಲಿ, ಅವಳನ್ನೂ ಕೂಸನ್ನೂ ನನ್ನ ಕಣ್ಣೆದುರು ಇಟ್ಟುಕೊಳ್ಳಬೇಕೆಂದು ನನಗೆ ಭಾಳ ಆಸೆ. "ಯುಗಾದಿಯೊಳಗ ಕ್ವಾಣಿ ತಂಪ ಮಾಡ್ತೀನಿ, ಬಾ ನೀ," ಎಂದು ಮಾತು ಕೊಟ್ಟುಬಿಟ್ಟೆ.

ನನ್ನ ಯಜಮಾನರು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. "ಎ.ಸಿ. ಹಾಕ್ಸಿಬಿಡೋಣು ತಗೀ," ಎಂದರು. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಊರಿನಲ್ಲಿ ಎ.ಸಿ.! ನಾನು ಒಪ್ಪಲಿಲ್ಲ. ಕಡಿಮೆ ಕರೆಂಟಿನಲ್ಲಿ ಮನೆ ತಂಪಾಗಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದೆ.

ಚಕ್ರ ನಿಲ್ಲಲಿಲ್ಲ

ಯೋಜನೆಯ ಮೊದಲ ಹೆಜ್ಜೆ, ಕರೆಂಟು ಎಲ್ಲೆಲ್ಲಿ ಹೋಗುತ್ತದೆ ಎಂದು ಹುಡುಕುವುದು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಮೀಟರ್ ಮುಂದೆ ನಿಂತೆ. ಮೀಟರಿನ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. ಫ್ರಿಜ್ಜಿನ ಪ್ಲಗ್ ಕಿತ್ತೆ, ಆಗಲೂ ತಿರುಗಿತು. ವೈರ್‌ಮನ್‌ನನ್ನು ಕರೆಸಿದೆ. ಅವನು ಅಟ್ಟ ಹತ್ತಿ, ಗೋಡೆ ತಟ್ಟಿ, ಕೊನೆಗೆ ಒಂದು ಹಳೆಯ ವೈರ್ ಹಿಡಿದು, "ಟೀಚರ್, ಇದು ಗ್ವಾಡಿ ಆ ಕಡೆ ಹೊಂಟೈತ್ರಿ," ಎಂದ.

ಗೋಡೆಯ ಆ ಕಡೆ ನಮ್ಮ ಯಜಮಾನರ ದೊಡ್ಡವ್ವನ ಮನೆ. ಮೊದಲು ಎರಡೂ ಒಂದೇ ಮನೆ. ಮಾವನವರು ಮತ್ತು ಅವರ ಅಣ್ಣ ಬೇರೆಯಾದಾಗ ಹೊಲ ಭಾಗವಾಯಿತು, ಹಿತ್ತಾಳೆಯ ಕೊಡಗಳು ಭಾಗವಾದವು, ನಡುವೆ ಗೋಡೆ ಎದ್ದಿತು. ವೈರಿಂಗ್ ಮಾತ್ರ ಯಾರಿಗೂ ನೆನಪಾಗದೆ ಅವಿಭಕ್ತ ಕುಟುಂಬದಲ್ಲೇ ಉಳಿದುಬಿಟ್ಟಿತ್ತು. ದೊಡ್ಡವ್ವನ ದೇವರ ಕೋಣೆಯ ಬಲ್ಬು ಅಷ್ಟು ವರ್ಷವೂ ನಮ್ಮ ಮೀಟರಿನಲ್ಲಿ ಉರಿಯುತ್ತಿತ್ತು. ಅವರು ಅದನ್ನು ಆರಿಸುತ್ತಲೂ ಇರಲಿಲ್ಲ.

ವೈರ್‌ಮನ್ ವೈರ್ ಕತ್ತರಿಸಿದ. ಚಕ್ರ ನಿಂತಿತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಬಂದರು. ನಮ್ಮದು ಒಂದು ಫೇಸು, ಅವರದು ಇನ್ನೊಂದು. ಅವರ ಮನೆಯಲ್ಲಿ ಕರೆಂಟು ಹೋದರೂ ದೇವರ ಕೋಣೆಯ ಬಲ್ಬು ಎಷ್ಟೋ ಸಲ ಉರಿಯುತ್ತಲೇ ಇರುತ್ತಿತ್ತಂತೆ. ದೇವರ ಮಹಿಮೆ ಎಂದು ಅವರು ಸೋಮವಾರಕ್ಕೊಮ್ಮೆ ಆ ಬಲ್ಬಿನ ಕೆಳಗೆ ಕಾಯಿ ಒಡೆಸುತ್ತಿದ್ದರು. ನಾನು ಫೇಸು, ನ್ಯೂಟ್ರಲ್ಲು ಎಲ್ಲ ಬಿಡಿಸಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು ಅವರು ಹೇಳಿದರು:

"ಸಾಲ್ಯಾಗ ಏನರ ಕಲಿಸ್ಕೋವಾ. ನಮ್ಮ ದೇವರಿಗ್ಯಾಕ ಕೈ ಹಾಕಿದಿ?"

ಬಿಳಿ ಮಾಳಿಗೆ

ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಎಂಟನೇ ತರಗತಿಯ ಪಾಠ. ಒಂದು ಭಾನುವಾರ ನಾನೂ ನಮ್ಮ ಯಜಮಾನರೂ ಸೇರಿ ಸ್ಲ್ಯಾಬಿನ ಮೇಲೆ ಮೂರು ಸುತ್ತು ಸುಣ್ಣ ಬಳಿದೆವು. ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು. ಅತ್ತೆ ಮೆಟ್ಟಿಲ ಮೇಲೆ ನಿಂತು, "ಇದೇನು, ಸತ್ತೋರ ಸಮಾಧಿ ಇದ್ದಂಗ ಐತಿ," ಎಂದರು. ನಾನು ಅವರಿಗೂ ಬಿಸಿಲು ವಾಪಸ್ ಹೋಗುವ ಪಾಠ ಮಾಡಿದೆ.

ಹದಿನೈದು ದಿನವಾದ ಮೇಲೆ ಒಂದು ಸಂಜೆ ಶಾಲೆಯಿಂದ ಬರುವಾಗ ಓಣಿಯ ತುದಿಯಿಂದಲೇ ತಲೆ ಎತ್ತಿ ನೋಡಿದೆ. ಮಾಳಿಗೆಯ ಅಂಚೆಲ್ಲ ಕೆಂಪು ಕಾಣುತ್ತಿತ್ತು! ಅದಿರಿನ ಧೂಳು ನನ್ನ ಸುಣ್ಣವನ್ನೆಲ್ಲ ನುಂಗಿತು ಎಂದು ಲಾರಿಯವರನ್ನು ಬೈಯುತ್ತಾ ಮೆಟ್ಟಿಲು ಹತ್ತಿದೆ.

ಧೂಳಲ್ಲ, ಮೆಣಸಿನಕಾಯಿ. ನಮ್ಮ ಮನೆಯದಷ್ಟೇ ಅಲ್ಲ, ಇಡೀ ಓಣಿಯದು. ಇಷ್ಟು ಸ್ವಚ್ಛವಾದ ಮಾಳಿಗೆ ಬೇರೆಲ್ಲೂ ಇಲ್ಲವೆಂದು ಹನ್ನೊಂದು ಮನೆಯವರು ತಂದು ಹರವಿದ್ದರು. ಕಾಲಿಡಲು ಜಾಗವಿರಲಿಲ್ಲ. ಅತ್ತೆ ಕೋಲು ಹಿಡಿದು ಕಾವಲು ಕೂತಿದ್ದರು.

"ಅತ್ತೀ, ಇದನ್ನ ಬೆಳ್ಳಗ ಮಾಡಿದ್ದು ಬಿಸಿಲು ವಾಪಸ್ ಹೋಗ್ಲಿ ಅಂತ್ರಿ!" ಎಂದೆ, ಅಳುವುದೊಂದೇ ಬಾಕಿ.

"ಹೋಗ್ಲಿ, ಯಾರು ಬ್ಯಾಡಂದ್ರು? ಹ್ಯಾಂಗಿದ್ರೂ ವಾಪಸ್ ಕಳಸಾಕ ಹತ್ತಿ. ಕಳಿಸೂಕಿಂತ ಮೊದಲ ಒಂದೀಟು ಕೆಲಸ ಮಾಡಿಸ್ಕೊಂಡ್ರ ಏನಾತು?"

ಸಂಡೂರಿನ ತಜ್ಞರು

ಯುಗಾದಿ ಹತ್ತಿರ ಬಂತು. ಕೋಣೆ ಇನ್ನೂ ಕುದಿಯುತ್ತಿತ್ತು. ನಮ್ಮ ಯಜಮಾನರು ಧೈರ್ಯ ಸಾಲದೆ ಸಂಡೂರಿನಿಂದ ತಮ್ಮ ಗೆಳೆಯರೊಬ್ಬರನ್ನು ಕರೆಸಿದರು. ಈ ಗೆಳೆಯರು ಎರಡು ವರ್ಷದ ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವರು. ಆಮೇಲೆ ಅದಿರು ಸಾಗಿಸಲು ಲಾರಿ ಇಟ್ಟು, ಹೊಸ ಬಡಾವಣೆಯಲ್ಲಿ ಎ.ಸಿ. ಮನೆ ಕಟ್ಟಿಸಿ, ಈಗ ಎ.ಸಿ. ಕಾರಿನಲ್ಲಿ ಬಂದರು. ಕಾರಿನಿಂದ ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ಅವರ ಅಂಗಿ ಒದ್ದೆಯಾಯಿತು.

"ಅಕ್ಕಾರ, ಸುಣ್ಣ ಗಿಣ್ಣ ಎಲ್ಲ ಬಿಟ್ಟುಬಿಡ್ರಿ. ಈ ಮನ್ಯಾಗ ಮನಿಷ್ಯಾ ಇರಾಕ ಆಗೂದಿಲ್ಲ. ಎ.ಸಿ. ಹಾಕ್ಸ್ರಿ, ಇಲ್ಲಾಂದ್ರ ಮಗಳನ್ನ ನಮ್ಮ ಮನಿಗೆ ಕಳಿಸ್ರಿ," ಎಂದರು. ಮಗಳನ್ನು ಕಳಿಸುವ ಮಾತು ಕೇಳಿ ನಾನು ರೊಟ್ಟಿಯನ್ನು ಅವರ ತಾಟಿಗೆ ಕುಕ್ಕಿದೆ. ನಮ್ಮ ಯಜಮಾನರು ಆಗಲೇ ಅರ್ಧ ಒಪ್ಪಿದ ಮುಖ ಮಾಡಿದ್ದರು.

ರೊಟ್ಟಿ ಊಟವಾಯಿತು. ಕರೆಂಟು ಹೋಯಿತು. ಬಂದವರು ಪಡಸಾಲೆಯ ಬರಿ ಕಲ್ಲಿನ ಮೇಲೆ "ಐದು ನಿಮಿಷ" ಎಂದು ಅಡ್ಡಾದರು. ಫ್ಯಾನಿಲ್ಲ, ದಿಂಬಿಲ್ಲ. ಗೊರಕೆ ಓಣಿಗೆಲ್ಲ ಕೇಳಿಸಿತು. ಮೂರು ತಾಸಿನ ಮೇಲೆ ಎದ್ದು, ಮೈಮುರಿದು, ಗೋಡೆಗೆ ಒರಗಿ ಚಹಾ ಕುಡಿದರು.

"ಅಕ್ಕಾರ, ನಮ್ಮ ಹೊಸ ಮನ್ಯಾಗ ಕರೆಂಟು ಹೋದ್ರ ನಿದ್ದಿನ ಇಲ್ಲ ನೋಡ್ರಿ. ಇವತ್ತ ಮಸ್ತ್ ನಿದ್ದಿ ಬಂತು," ಎಂದು ಕಾರು ಹತ್ತಿ, ಗಾಜು ಇಳಿಸಿ ಮತ್ತೆ ಕೂಗಿದರು: "ಜಲ್ದಿ ಎ.ಸಿ. ಹಾಕ್ಸ್ರಿ ಮತ್ತ!"

ತೌಡಿನ ಪರದೆ

ಅವರ ಗೊರಕೆಯಿಂದ ನನಗೆ ಬುದ್ಧಿ ಬಂತು. ಪಡಸಾಲೆ ತಂಪಿರುವುದು ಅದರ ಮೇಲಿನ ಮೊಳದಪ್ಪ ಮಣ್ಣಿನಿಂದ. ಬಂದುಹೋಗುವವರ ನಡುವೆ ಬಾಣಂತಿಯನ್ನು ಪಡಸಾಲೆಯಲ್ಲಿ ಮಲಗಿಸಲಾಗದು. ಹಾಗಾದರೆ ಒಳಕೋಣೆಯ ಮೇಲೂ ಅಂಥದ್ದೇ ದಪ್ಪ ಹೊದಿಕೆ ಬೇಕು. ಸ್ಲ್ಯಾಬಿನ ಮೇಲೆ ಮಣ್ಣಿನ ಭಾರ ಹೊರಿಸಲು ಭಯ. "ನಿಮ್ಮ ಗಿರಣ್ಯಾಗ ಭತ್ತದ ಹೊಟ್ಟು ಐತಲ್ಲ, ತರ್ರಿ," ಎಂದೆ. ಹೊಟ್ಟು ಹಗುರ, ಶಾಖವನ್ನು ಕೆಳಗೆ ಬಿಡುವುದಿಲ್ಲ.

ಕಂಪ್ಲಿಯಿಂದ ಟೆಂಪೋ ತುಂಬ ಹೊಟ್ಟಿನ ಚೀಲ ಬಂದವು. ಕೋಣೆಯ ಮೇಲೆ ಎರಡು ಸಾಲು ಜೋಡಿಸಿದೆವು. ಕಿಟಕಿಗೆ ಒದ್ದೆ ಪರದೆ ಕಟ್ಟಲು ಖಾಲಿ ಗೋಣಿಚೀಲಗಳನ್ನೂ ನಮ್ಮ ಯಜಮಾನರು ತಂದಿದ್ದರು. ನೀರು ಚಿಮುಕಿಸಿ ಕಟ್ಟಿದ್ದೇ ತಡ, ತಣ್ಣನೆಯ ಗಾಳಿ ಬಂತು. ಅತ್ತೆ ಕೂಡ ಮೂಗು ಮುರಿಯದೆ ಮಲಗಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಪರದೆ ತಾನಾಗಿಯೇ ಹೊರಗೆ ಎಳೆದುಕೊಂಡು, ಪರ್ರನೆ ಹರಿದು ಮಾಯವಾಯಿತು. ಬಗ್ಗಿ ನೋಡಿದರೆ ಎದುರುಮನೆಯ ಎಮ್ಮೆ ನಮ್ಮ ಪರದೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿತ್ತು. ನಮ್ಮ ಯಜಮಾನರು ತಂದದ್ದು ಅಕ್ಕಿಯ ಚೀಲವಲ್ಲ, ತೌಡಿನ ಚೀಲ. ನೆನೆದ ತೌಡಿನ ವಾಸನೆಗೆ ಯಾವ ಎಮ್ಮೆ ಸುಮ್ಮನಿದ್ದೀತು? ಅವರು ಲುಂಗಿ ಎತ್ತಿ ಕಟ್ಟಿ ಅದರ ಹಿಂದೆ ಓಡಿದರು.

ಮರುದಿನ ಬೆಳಿಗ್ಗೆ ಎಮ್ಮೆಯ ಒಡತಿ ಬಂದಳು. ಜಗಳಕ್ಕೆಂದು ನಾನು ಸಿದ್ಧಳಾಗಿದ್ದೆ. ಅವಳು ಮೆಲ್ಲಗೆ, "ಟೀಚರ್ರ, ನಮ್ಮ ಎಮ್ಮಿ ಇವತ್ತ ಅರ್ಧ ಸೇರು ಹಾಲು ಜಾಸ್ತಿ ಹಿಂಡೇತ್ರಿ. ಆ ಕಡೀ ಕಿಟಕ್ಯಾಗಿನ ಪರದೀನೂ ಕೊಡ್ತೀರೇನ್ರಿ?" ಎಂದಳು.

ಬಾಣಂತನ

ಅಂತೂ ಯುಗಾದಿಗೆ ಕೋಣೆ ತಯಾರಾಯಿತು. ಮೇಲೆ ಹೊಟ್ಟಿನ ಚೀಲ, ಅದರ ಸುತ್ತ ಮೆಣಸಿನಕಾಯಿ ಇಲ್ಲದ ಸುಣ್ಣ, ಕಿಟಕಿಗೆ ತೊಳೆದ ಗೋಣಿ, ದೊಡ್ಡ ಬಲ್ಬಿನ ಜಾಗದಲ್ಲಿ ಸಣ್ಣ ಸಿ.ಎಫ್.ಎಲ್. ನಮ್ಮ ಯಜಮಾನರು ಗೋಡೆ ಮುಟ್ಟಿ ನೋಡಿ, "ತಂಪೈತಿ ಬಿಡು," ಎಂದರು. ಮಗಳು ಬಂದು, ಹೆರಿಗೆಯವರೆಗೆ ಪಡಸಾಲೆಯಲ್ಲೇ ಮಲಗಿದಳು. ಏಪ್ರಿಲ್ ಕೊನೆಯ ವಾರ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನ ಮಗಳು ಕೋಣೆಯೊಳಗೆ ಕಾಲಿಟ್ಟು, "ಅವ್ವಾ, ಖರೇನ ತಂಪ ಮಾಡೀಯಲ್ಲ!" ಎಂದಾಗ ನನ್ನ ಕಣ್ಣು ತುಂಬಿದವು. ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಮಧ್ಯಾಹ್ನ ಔಷಧಿ ತರಲು ಹೋದೆ. ವಾಪಸ್ ಬರುವಷ್ಟರಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಗೋಣಿ ಪರದೆ ಬಿಚ್ಚಿ ಅಂಗಳಕ್ಕೆ ಬಿದ್ದಿತ್ತು. ಬಾಗಿಲ ಸಂದಿಯಿಂದ ಲೋಬಾನದ ಹೊಗೆ ಬರುತ್ತಿತ್ತು. ಒಳಗೆ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಹೊರಸಿನ ಕೆಳಗೆ ಇದ್ದಿಲ ಶೆಗಡಿ ನಿಗಿನಿಗಿ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಬೀಸಣಿಗೆ ಹಿಡಿದು ಕೂತಿದ್ದರು. ಮಗಳಿಗೆ ಗಾಳಿ ಹಾಕಲು ಅಲ್ಲ, ಕೆಂಡಕ್ಕೆ.

"ಅತ್ತೀ! ಮೂರು ತಿಂಗಳಾತು ನಾ ಈ ಕ್ವಾಣಿ ತಂಪ ಮಾಡಾಕ ಹೆಣಗಾಡಿ!"

"ಅದಕ್ಕ ಅಲ್ಲೇನು ಶೆಗಡಿ ಇಟ್ಟಿದ್ದು? ಬಾಣಂತಿನ್ನ ಯಾರರ ತಂಪಿನಾಗ ಮಲಗಸ್ತಾರನು? ನರ ಹಿಡಕೊಂಡ್ರ ನೀ ಬಂದು ಬಿಡಸ್ತೀಯೇನು?"

ನಾನು ಇದ್ದಿಲ ಹೊಗೆಯ ವಿಷದ ಬಗ್ಗೆ ಹೇಳಿದೆ. ಡಾಕ್ಟರ ಬಾಯಿಂದಲೂ ಹೇಳಿಸಿದೆ. ಎರಡು ದಿನ ಮಾತು ಬಿಟ್ಟೆವು. ಕೊನೆಗೆ ರಾಜಿಯಾಯಿತು: ಮಗಳು ನೀರು ಎರೆದುಕೊಂಡ ಮೇಲೆ ಅರ್ಧ ತಾಸು ಶೆಗಡಿ, ಅದೂ ಕೂಸು ಪಡಸಾಲೆಯಲ್ಲಿ ನನ್ನ ತೊಡೆಯ ಮೇಲಿರುವಾಗ, ಕಿಟಕಿ ತೆರೆದು. ಉಳಿದ ಹೊತ್ತೆಲ್ಲ ನನ್ನ ತಂಪು. ಮೇ ತಿಂಗಳ ಬಿಸಿಲಿನಲ್ಲೂ ಕೂಸಿಗೆ ಒಂದೇ ಒಂದು ಬೆವರುಸಾಲೆ ಏಳಲಿಲ್ಲ. ಆದರೂ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಬಂಧುಬಳಗವೆಲ್ಲ ಸೇರಿತ್ತು. ದೊಡ್ಡವ್ವ ಒಳಕೋಣೆಗೆ ಹೋಗಿ ಬಂದು, "ಏನವಾ, ಕ್ವಾಣಿ ಹ್ಯಾಂಗಾಗೈತಿ?" ಎಂದು ಅತ್ತೆಯನ್ನು ಕೇಳಿದರು. ನಾನು ಮಂಡಕ್ಕಿ ಒಗ್ಗರಣೆ ಕಲಸುತ್ತಿದ್ದ ಕೈ ನಿಲ್ಲಿಸಿ ಕಿವಿಗೊಟ್ಟೆ.

"ಏನ್ ಹೇಳ್ಲಿ ಯಕ್ಕಾ," ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ದನಿ ಎತ್ತಿದರು. "ನನ್ನ ಮೂರು ಹೆಣ್ಣುಮಕ್ಕಳ ಬಾಣಂತನ ಇದ ಕ್ವಾಣ್ಯಾಗ ಮಾಡೀನಿ. ಒಂದ ಶೆಗಡಿ ಇಟ್ರ ಸಾಕು, ಗ್ವಾಡೀನ ಕಾಯ್ತಿದ್ವು. ಈಗ ಎರಡು ಇಟ್ರೂ ಬೆಚ್ಚಗಾಗವಲ್ದು. ಕರೆಂಟು ಉಳಸ್ತೀನಿ ಅಂತ ಹೇಳಿ ನಮ್ಮ ಟೀಚರವ್ವ ಚೀಲಗಟ್ಟಲೆ ಇದ್ದಿಲು ಹಾಳು ಮಾಡಿದ್ಲು ನೋಡು!"