ಮುಯ್ಯಿ ಮೇಳದ ಚಾ

ಉಚ್ಚಂಗೆಮ್ಮನಿಗೆ ಗಂಡನ ಮೇಲೆ ಇದ್ದದ್ದು ಒಂದೇ ದೂರು. ಸಾಸ್ವೆಹಳ್ಳಿಯ ಬೇರೆ ಗಂಡಸರು ಕುಡಿದರು, ಇಸ್ಪೀಟು ಆಡಿದರು, ಗಟ್ಟಿ ಆಳುಗಳು ಎರಡನ್ನೂ ಮಾಡಿದರು. ಅವಳ ಗಂಡ ಗಿಡ್ಡಪ್ಪ (ಹೆಸರು ಕೇಳಿ ಮೋಸ ಹೋಗಬೇಡಿ, ತಲೆ ಬಗ್ಗಿಸದೆ ಯಾವ ಬಾಗಿಲನ್ನೂ ದಾಟಿದವನಲ್ಲ) ಮೇಳ ಕಟ್ಟಿದ.

"ಈಯಪ್ಪ ಕುಡ್ಕ ಆಗಿದ್ರೆ ಒಬ್ರೇ ಕುಡೀತಿದ್ರು ಕಣೆ. ಈಗ ಇಪ್ಪತ್ತು ಜನಕ್ಕೆ ಕುಡಿಸ್ತಾರೆ. ಅದೂ ಚಾ, ಅದೂ ನನ್ನ ಕೈಲಿ ಕಾಯ್ಸಿ" ಎಂದು ಪಕ್ಕದ ಮನೆಯ ಅನ್ನಪೂರ್ಣಳ ಮುಂದೆ ಅವಳು ಹೇಳದ ವಾರವಿರಲಿಲ್ಲ.

ಅದು ಯಾವ ದೇವಸ್ಥಾನಕ್ಕೂ ಸೇರಿದ ಮೇಳವಲ್ಲ. ಸರ್ಕಾರದ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಗೋಡೆಗೆ ನೇತುಹಾಕಲು ಒಂದು ಸರ್ಟಿಫಿಕೇಟೂ ಇಲ್ಲ. ಗದ್ದೆ ಕೆಲಸಕ್ಕೆ ಮುಯ್ಯಾಳು ಕೂಡುತ್ತಾರಲ್ಲ, ಹಾಗೆ ಕೂಡಿದ ಮೇಳ. ಇವತ್ತು ನನ್ನ ನಾಟಿಗೆ ನೀವು ಬನ್ನಿ, ನಾಳೆ ನಿಮ್ಮ ನಾಟಿಗೆ ನಾನು ಬರುತ್ತೇನೆ. ಬರಲು ಆಗದಿದ್ದರೆ ನಮ್ಮ ಮನೆಯಿಂದ ಬದಲಿ ಆಳು ಕಳಿಸುತ್ತೇನೆ. ಮುಯ್ಯಿ ಎಂದರೆ ಇಷ್ಟೇ. ಗಿಡ್ಡಪ್ಪ ಇದನ್ನೇ ಎತ್ತಿ ತಂದು ಹಾಡಿಗೆ ಹಚ್ಚಿದ. ಮೇಳಕ್ಕೆ ಸೇರಿದ್ದು ಮನುಷ್ಯರಲ್ಲ, ಮನೆಗಳು. ಹೊನ್ನಾಳಿ, ನ್ಯಾಮತಿ ಕಡೆಯವು ಹೆಚ್ಚು, ಕತ್ತಲಗೆರೆಯವು ನಾಲ್ಕು, ದೂರದ ಜಗಳೂರಿನದು ಒಂದು, ಎಲ್ಲಾ ಸೇರಿ ನಲವತ್ತೊಂದು ಮನೆ. ಹಾಡುವವನಿಗೆ ಬಿಡುವಿಲ್ಲದಿದ್ದರೆ ಆ ಮನೆಯಿಂದ ಬದಲಿ ಆಳು ಬರಬೇಕು. ಮೂರು ಕಾರ್ಯಕ್ರಮಕ್ಕೆ ಒಂದೇ ಸಮನೆ ಆಳು ತಪ್ಪಿಸಿದ ಮನೆ ಮೇಳದಿಂದ ಹೊರಗೆ.

ನಾಟಿಗೆ ಬಂದ ಬದಲಿ ಆಳು ಸಸಿಯನ್ನು ಕೆಸರಿಗೆ ಊರಿದರೆ ಮುಗಿಯಿತು. ಹಾಡಿಗೆ ಬಂದ ಬದಲಿ ಆಳು ಏನು ಊರಬೇಕು? ಕತ್ತಲಗೆರೆಯ ಷಣ್ಮುಖಪ್ಪ ಡೋಲು ಬಾರಿಸುವುದರಲ್ಲಿ ಪ್ರಚಂಡ. ಆದರೆ ಭತ್ತಕ್ಕೆ ನೀರು ಕಟ್ಟುವ ದಿನ ಬಂದರೆ ತನ್ನ ಅತ್ತೆಯನ್ನು ಕಳಿಸುತ್ತಿದ್ದ. ಆ ಮುದುಕಿ ತಾಳ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. (ನಿದ್ದೆಯಲ್ಲಿ ಮಾತ್ರ ತಾಳ ತಪ್ಪುತ್ತಿರಲಿಲ್ಲ.) ಜಗಳೂರಿನ ಮನೆಯ ಹಾಡುಗಾರ ಮಾವನಿಗೆ ಮಂಡಿ ನೋವು. ಅವನ ಬದಲಿಗೆ ಅಳಿಯ ಪ್ರಸನ್ನಕುಮಾರ್ ಆರು ವರ್ಷದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದ. ಆಸಾಮಿಗೆ ಶ್ರುತಿಯ ಗಂಧವಿಲ್ಲ. ಹಾರ್ಮೋನಿಯಂ ಹಿಡಿಯುವ ತಿಪ್ಪೇರುದ್ರಸ್ವಾಮಿಗಳು ಮೊದಲ ದಿನವೇ, "ತಮ್ಮಾ, ನೀನು ಬಾಯಿ ಅಷ್ಟೇ ತೆಗಿ, ದನಿ ತೆಗೀಬ್ಯಾಡ" ಎಂದು ಅಪ್ಪಣೆ ಕೊಡಿಸಿದ್ದರು. ಅವತ್ತಿನಿಂದ ಮೇಳದ ಯಾವ ಫೋಟೋ ನೋಡಿದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿರುವವನು ಪ್ರಸನ್ನಕುಮಾರನೇ.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ ಎಂದು ಪ್ರಾಕ್ಟೀಸು ಸೋಮವಾರ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಎಲ್ಲರ ಮನೆಗೂ ಟ್ರ್ಯಾಕ್ಟರು ಬಂದು ಎತ್ತುಗಳು ಹೋದರೂ ಸೋಮವಾರ ಹೋಗಲಿಲ್ಲ. ಗಿಡ್ಡಪ್ಪನ ಜಗಲಿಯ ಮೇಲೆ ಒಂದು ವಾರ ಹನ್ನೊಂದು ಜನ, ಇನ್ನೊಂದು ವಾರ ಇಪ್ಪತ್ತೇಳು. ಎಷ್ಟು ಲೋಟ ನೀರು ಒಲೆಗೆ ಇಡಬೇಕೆಂದು ಉಚ್ಚಂಗೆಮ್ಮನಿಗೆ ದೇವರಾಣೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವಳೊಂದು ರಾಜತಂತ್ರ ಹೂಡಿದ್ದಳು. ಸಕ್ಕರೆ ಡಬ್ಬಿಯನ್ನು ಟ್ರಂಕಿನೊಳಗೆ ತನ್ನ ಧಾರೆ ಸೀರೆಯ ಅಡಿ ಬಚ್ಚಿಟ್ಟು, "ಸಕ್ರಿ ಮುಗ್ದೈತ್ರಪ್ಪಾ" ಎಂದು ಬೆಲ್ಲದ ಚೂರು ತೋರಿಸಿದಂತೆ ಮಾಡಿ ಚಾ ಕೊಡುತ್ತಿದ್ದಳು. ಮೂವತ್ತು ವರ್ಷ ಈ ಗುಟ್ಟು ಗಿಡ್ಡಪ್ಪನಿಗೂ ತಿಳಿಯಲಿಲ್ಲ.

ಮೇಳದ ಹೆಸರು ನಿಂತದ್ದು ಗಿಡ್ಡಪ್ಪ ತಾನೇ ಕಟ್ಟಿದ ಹೊಂಗೆ ಮರದ ಪದದಿಂದ. ಮೊದಲ ಎರಡು ಸಾಲು ಎಲ್ಲರದು, ಮುಂದಿನ ಎರಡು ಅವನೊಬ್ಬನದು.

ಹೊಳಿಯ ದಂಡಿಯ ಹೊಂಗೆ ಮರವೇ
ನೆರಳು ಯಾರಿಗೆ ಚೆಲ್ಲಿದೆ?
ದಾರಿ ಹೋಕರಿಗೆಲ್ಲ ಚೆಲ್ಲಿ
ಬಿಸಿಲು ನಿನಗೇ ಉಳಿಸಿದೆ...

ಆ "ಉಳಿಸಿದೆ"ಯನ್ನು ಹೊಳೆಯ ಆಚೆ ದಡಕ್ಕೆ ಮುಟ್ಟುವಷ್ಟು ಎಳೆಯುತ್ತಿದ್ದ. ಪ್ರಾಕ್ಟೀಸಿನಲ್ಲಾದರೆ ಎಳೆದು ಮುಗಿಸಿದ್ದೇ, ತಾಳ ಬಿಡದೆ ಅದೇ ರಾಗದಲ್ಲಿ, "ಏ ಉಚ್ಚಂಗೀ, ಚಾ ತಾರೇ!" ಎಂದು ಅಡುಗೆಮನೆಗೆ ಕೂಗು ಹಾಕುತ್ತಿದ್ದ. ಬೆಲ್ಲದ ಚಾಕ್ಕೆ ಬೇಸತ್ತ ಮೇಳವೂ ಅದೇ ರಾಗದಲ್ಲಿ, "ಸಕ್ರಿ ಮುಂದಿರ್ಲೀ!" ಎಂದು ಸೇರಿಸುತ್ತಿತ್ತು.

"ಈ ಮೇಳ ಹೊಳಿ ಪಾಲಾಗ" ಎನ್ನುತ್ತ ಉಚ್ಚಂಗೆಮ್ಮ ಪಾತ್ರೆ ಇಳಿಸುತ್ತಿದ್ದಳು.

ಮೇಳ ಹೊಳೆ ಪಾಲಾಗಲಿಲ್ಲ. ಗಿಡ್ಡಪ್ಪನ ಗಂಟಲಲ್ಲಿ ಗಡ್ಡೆಯೆದ್ದಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಗಡ್ಡೆಯ ಜೊತೆಗೆ ದನಿಯನ್ನೂ ತೆಗೆಯಬೇಕಾಯಿತು. "ಜೀವ ಉಳಿದಿದೆಯಮ್ಮ, ಮಾತು ಬರೋದಿಲ್ಲ" ಎಂದರು ಡಾಕ್ಟರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ತಲೆ ಬಗ್ಗಿಸಿ, ಗಿಡ್ಡಪ್ಪ ಮನೆಯ ಬಾಗಿಲು ದಾಟಿದ.

ಉಚ್ಚಂಗೆಮ್ಮ ಹೊನ್ನಾಳಿಯಿಂದ ಒಂದು ಸ್ಲೇಟು ತರಿಸಿ ಕೈಗೆ ಕೊಟ್ಟಳು. ಅವನು ಬರೆದ. ಆದರೆ ಓದುವವರು ಯಾರು? ಅವಳು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನ ಸಂಕ್ರಾಂತಿಯವರೆಗೆ. ಸ್ಲೇಟು ಹಿಡಿದು ಅನ್ನಪೂರ್ಣಳ ಮನೆಗೆ ಓಡಿದಳು.

"ಏನ್ ಬರ್ದಾರೆ, ಓದೇ."

"ಸಾರಿಗೆ ಉಪ್ಪು... ಬ್ಯಾಡ ಬಿಡ್ರಿ ಅತ್ತೆ."

"ಓದೇ ಅಂದ್ರೆ!"

"'ಸಾರಿಗೆ ಉಪ್ಪು ಹಾಕಾಕೆ ನಿಮ್ಮವ್ವ ಕಲಿಸ್ಲಿಲ್ವಾ' ಅಂತ ಐತ್ರಿ."

"ನಮ್ಮವ್ವನ ತಂಟೆಗೆ ಬಂದ್ರಾ? ಬರಿ ಅದ್ರ ಕೆಳಗೆ. 'ನಮ್ಮವ್ವ ಕಲಿಸಿದ್ಲು, ತಿನ್ನಾಕೆ ನಿಮ್ಮವ್ವ ಕಲಿಸ್ಲಿಲ್ಲ' ಅಂತ. ದೊಡ್ಡಕ್ಷರದಾಗೆ ಬರಿ!"

ಸ್ಲೇಟು ಮನೆಗೆ ಬಂದು ಮುಟ್ಟುವ ಹೊತ್ತಿಗೆ ಸಾರೂ ಆರಿರುತ್ತಿತ್ತು, ಸಿಟ್ಟೂ ಆರಿರುತ್ತಿತ್ತು. ಟಪಾಲಿನಲ್ಲಿ ಎಷ್ಟು ದಿನ ಜಗಳ ಆಡಲು ಸಾಧ್ಯ? ಗಿಡ್ಡಪ್ಪ ಬರೆಯುವುದನ್ನು ಬಿಟ್ಟ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಹಾಗೇ ಉಳಿದ. ಅವನ ಬಾಯಿಂದ ಮೂವತ್ತು ವರ್ಷ ಬೈಸಿಕೊಂಡಾಗ ಹೆದರದ ಉಚ್ಚಂಗೆಮ್ಮ, ಆ ಬೆನ್ನು ನೋಡಿ ಹೆದರಿದಳು.

ಮೂರನೇ ತಿಂಗಳು ತಿಪ್ಪೇರುದ್ರಸ್ವಾಮಿಗಳು ಬಂದು ಜಗಲಿಯ ತುದಿಯಲ್ಲಿ ಕೂತರು. ಹೇಳಲಾರದೆ ಹೇಳಿದರು.

"ಉಚ್ಚಂಗಕ್ಕ, ಎರಡು ಕಾರ್ಯಕ್ರಮಕ್ಕೆ ನಿಮ್ಮನಿ ಆಳು ಬರ್ಲಿಲ್ಲ. ಗುರುವಾರ ಸವಳಂಗದಾಗೆ ಮದುವಿ ಮನಿ ಚಪ್ಪರ. ಅದು ಮೂರನೇದು. ಗಿಡ್ಡಪ್ಪಣ್ಣನ ಮನಿಗೆ ಕಾಯ್ದೆ ಬ್ಯಾಡ ಅಂತ ನಾವೆಲ್ಲಾ..."

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಇಬ್ಬರೂ ಇಣುಕಿ ನೋಡಿದರು. ಗಿಡ್ಡಪ್ಪ ಗೋಡೆಯ ಕಡೆಗೇ ಮುಖವಿಟ್ಟು ಕೈ ಮೇಲೆತ್ತಿ ಮೂರು ಬೆರಳು ತೋರಿಸಿದ. ಆಮೇಲೆ ಹೆಬ್ಬೆರಳಿನಿಂದ ಬೀದಿ ತೋರಿಸಿದ. ಕಾಯ್ದೆ ಮಾಡಿದವನು ಅವನೇ. ಮೂರು ಅಂದರೆ ಮೂರು, ಆಚೆ ಅಂದರೆ ಆಚೆ. ಕಂಬಳಿ ಎಳೆದುಕೊಂಡ.

ಮನೆ ಮೇಳದಿಂದ ಹೋದರೆ ಸೋಮವಾರವೂ ಹೋಗುತ್ತದೆ. ಪ್ರಾಕ್ಟೀಸು ಇನ್ನೊಬ್ಬರ ಜಗಲಿಗೆ ಹೋಗುತ್ತದೆ. ಆಮೇಲೆ ಈ ಮನುಷ್ಯ ಈಚೆ ತಿರುಗಲು ಏನು ಉಳಿಯಿತು? ಹೊಳೆ ಪಾಲಾಗಲಿ ಎಂದು ತಾನು ಹೇಳಿದ್ದು ದೇವರಿಗೆ ಇಷ್ಟು ತಡವಾಗಿ ಕೇಳಿಸಿತೇ ಎಂದುಕೊಂಡಳು ಉಚ್ಚಂಗೆಮ್ಮ.

"ನಮ್ಮನಿ ಬದಲಿ ಆಳು ನಾನು, ಸ್ವಾಮೇರೆ" ಎಂದಳು.

"ನೀನಾ? ನಿನಗೆ ಹಾಡಾಕೆ ಬರ್ತೈತಾ?"

"ಪ್ರಸನ್ನಕುಮಾರಂಗೆ ಬರ್ತೈತಾ?"

ಸ್ವಾಮಿಗಳು ಎದ್ದು ಚಪ್ಪಲಿ ಮೆಟ್ಟಿಕೊಂಡು, "ಗುರುವಾರ ಆಟೋ ಬರ್ತೈತಿ" ಎಂದರು.

ಗುರುವಾರ ಲಗೇಜ್ ಆಟೋದಲ್ಲಿ ಹಾರ್ಮೋನಿಯಂ, ಡೋಲುಗಳ ನಡುವೆ ಇನ್ನೊಂದು ಸಾಮಾನಿನಂತೆ ಕೂತು ಉಚ್ಚಂಗೆಮ್ಮ ಸವಳಂಗಕ್ಕೆ ಬಂದಳು. ಚಪ್ಪರದ ಕೆಳಗೆ ಹಿಂದಿನ ಸಾಲಿನಲ್ಲಿ, ಪ್ರಸನ್ನಕುಮಾರನ ಪಕ್ಕ ಅವಳಿಗೆ ಜಾಗ. ಆತ ಗುರುವಿನ ಗಾಂಭೀರ್ಯದಿಂದ ಉಪದೇಶ ಮಾಡಿದ: "ಬಾಯಿ ದೊಡ್ಡದು ಮಾಡ್ರಿ ಅತ್ತೆ. ಹುಬ್ಬು ಏರಿಸ್ರಿ. ಕೊನಿಗೆ ಕಣ್ಣು ಮುಚ್ಚಿರಿ. ಇಷ್ಟೇ ಸಂಗೀತ."

ಹೊಂಗೆ ಮರದ ಪದ ಬಂತು. ಮೊದಲ ಎರಡು ಸಾಲು ಎಲ್ಲರೂ ಹಾಡಿದರು. ಮೂರನೇ ಸಾಲಿನ ಬಾಗಿಲಲ್ಲಿ ಮೇಳ ನಿಂತುಬಿಟ್ಟಿತು. ಅದು ಗಿಡ್ಡಪ್ಪನ ಜಾಗ. ಯಾರಿಗೂ ಅಲ್ಲಿ ಕಾಲಿಡುವ ಮನಸ್ಸಾಗಲಿಲ್ಲ. ಸ್ವಾಮಿಗಳು ಹಾರ್ಮೋನಿಯಂ ಒತ್ತಿಕೊಂಡೇ ಇದ್ದರು. ಕಣ್ಣು ಮುಚ್ಚಿ ಕೂತಿದ್ದ ಉಚ್ಚಂಗೆಮ್ಮನಿಗೆ ತಾನೆಲ್ಲಿದ್ದೇನೆ ಎನ್ನುವುದು ಮರೆಯಿತು. ಅಡುಗೆಮನೆ, ಒಲೆ, ಗೋಡೆಯಾಚೆಯ ಆ ದನಿ. ಮೂವತ್ತು ವರ್ಷ ಬೇಡವೆಂದು ಕೇಳಿದ್ದೆಲ್ಲ ಅವಳ ಬಾಯಿಗೆ ತಾನೇ ಬಂತು. ದಾರಿ ಹೋಕರಿಗೆಲ್ಲ ಚೆಲ್ಲಿ, ಬಿಸಿಲು ನಿನಗೇ ಉಳಿಸಿದೆ. ಗಿಡ್ಡಪ್ಪ ಎಳೆಯುತ್ತಿದ್ದಷ್ಟೇ ಎಳೆದಳು, ಅವನು ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ತೆಗೆದುಕೊಂಡಳು. ತೆಗೆದುಕೊಂಡ ಉಸಿರಿನಲ್ಲೇ, ಆ ಜಾಗಕ್ಕೆ ಬೇರೇನು ಬರುತ್ತದೆಂದು ಗೊತ್ತೇ ಇಲ್ಲದೆ, ಹಾಡಿದಳು:

"ಏ ಉಚ್ಚಂಗೀ, ಚಾ ತಾರೇ!"

"ಸಕ್ರಿ ಮುಂದಿರ್ಲೀ!" ಎಂದಿತು ಮೇಳ, ಅಭ್ಯಾಸಬಲ.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅಡುಗೆ ಭಟ್ಟರು ಮೇಳದವರು ಚಾ ಕೇಳುತ್ತಿದ್ದಾರೆಂದೇ ತಿಳಿದು, ಹಾಡಿನ ನಡುವೆಯೇ ಚಾದ ಡ್ರಮ್ಮು ಹೊತ್ತು ತಂದು ಮುಂದಿಟ್ಟರು. ಉಚ್ಚಂಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜನ ನಾಚಿಕೆ ಎಂದುಕೊಂಡರು. ನಾಚಿಕೆಯೂ ಇತ್ತೆನ್ನಿ. ಆದರೆ ಆ ಕೂಗನ್ನು ಅವಳು ಕೇಳಿ ಮೂರು ತಿಂಗಳಾಗಿತ್ತು; ಈಗ ಕೇಳಿದ್ದೂ ತನ್ನ ಬಾಯಿಂದಲೇ.

ಮನೆಗೆ ಬರುವಷ್ಟರಲ್ಲಿ ಪ್ರಸನ್ನಕುಮಾರ್ ಕಳಿಸಿದ ವಿಡಿಯೋ ಅನ್ನಪೂರ್ಣಳ ಫೋನಿಗೆ ಬಂದು, ಅಲ್ಲಿಂದ ಗಿಡ್ಡಪ್ಪನ ಮಂಚಕ್ಕೂ ಬಂದಿತ್ತು. ಗಿಡ್ಡಪ್ಪ ಎದ್ದು ಕೂತಿದ್ದ, ಬಾಗಿಲ ಕಡೆಗೆ ಮುಖ. ತೊಡೆಯ ಮೇಲೆ ಸ್ಲೇಟು.

"'ನಾಲ್ಕನೇ ಸಾಲು ಎಳೆದದ್ದು ಜಾಸ್ತಿ ಆತು' ಅಂತ ಬರ್ದಾರ್ರಿ" ಎಂದಳು ಅನ್ನಪೂರ್ಣ.

ಉಚ್ಚಂಗೆಮ್ಮನಿಗೆ ಜೀವ ಬಂತು. "ಜಾಸ್ತಿ ಆತಾ? ಅವ್ರು ಎಳೀತಿದ್ದಷ್ಟೇ ಎಳ್ದೀನಿ. ಬರಿ! ದೊಡ್ಡಕ್ಷರದಾಗೆ ಬರಿ!"

ಸೋಮವಾರ ಜಗಲಿಯ ಮೇಲೆ ಇಪ್ಪತ್ಮೂರು ಜನ ಸೇರಿದರು. ಗಿಡ್ಡಪ್ಪನ ಜಾಗದಲ್ಲಿ ಉಚ್ಚಂಗೆಮ್ಮ ಕೂತಳು. ಎಲ್ಲ ಸರಿ, ಆದರೆ ಚಾ ಕಾಯಿಸುವ ಆಳು ಹಾಡಲು ಬಂದ ಮೇಲೆ ಚಾ ಕಾಯಿಸುವ ಆಳು ಯಾರು? ಇದನ್ನು ಯಾರೂ ಯೋಚಿಸಿರಲಿಲ್ಲ. "ಏ ಉಚ್ಚಂಗೀ, ಚಾ ತಾರೇ" ಎಂದು ಅವಳೇ ಹಾಡಿ, ಅವಳೇ ಏಳಲು ಹೊರಟಾಗ, ಮಂಚ ಕಿರ್ರೆಂದಿತು. ಗಿಡ್ಡಪ್ಪ ಎದ್ದು, ತಲೆ ಬಗ್ಗಿಸಿ, ಅಡುಗೆಮನೆಯ ಬಾಗಿಲು ದಾಟಿದ. ಮದುವೆಯಾದ ಮೇಲೆ ಊಟಕ್ಕಲ್ಲದೆ ಅವನು ಅದನ್ನು ದಾಟಿದ್ದು ಅದೇ ಮೊದಲು.

ಉಚ್ಚಂಗೆಮ್ಮ ಹಾಡುತ್ತಿದ್ದಳು, ಕಿವಿ ಒಳಗಿತ್ತು. ಡಣ್ ಅಂದದ್ದು ಜೋಳದ ಡಬ್ಬಿ. ಟಿಣ್ ಅಂದದ್ದು ಸಾಸಿವೆ. ಸೀನು (ಗಂಟಲಿಲ್ಲದವನ ಸೀನು, ಬರೀ ಗಾಳಿ), ಅಂದರೆ ಖಾರದ ಪುಡಿ. ಕೊನೆಗೆ ಗಿಡ್ಡಪ್ಪ ಬಾಗಿಲಲ್ಲಿ ಕಾಣಿಸಿಕೊಂಡು, ಮೂರು ಬೆರಳು ಕೂಡಿಸಿ ಬಾಯಿಗೆ ಉದುರಿಸಿಕೊಂಡಂತೆ ಮಾಡಿದ. ಸಕ್ಕರೆ ಎಲ್ಲಿ?

ಅವಳು ಕಾಣದವಳಂತೆ ಸೂರು ನೋಡಿದಳು. ಮೂವತ್ತು ವರ್ಷದ ಗುಟ್ಟು! ಅವನು ಮತ್ತೆ ಬೆರಳು ಉದುರಿಸಿದ. ಕೂಗುವ ಹಾಗಿಲ್ಲ, ಕರೆಯುವ ಹಾಗಿಲ್ಲ. ಎತ್ತಿದ ಕೈ ಹಾಗೇ ಇಳಿಯಿತು. ಮುಖ ಸಣ್ಣಗಾಯಿತು. ಅವನ ಕಣ್ಣು ಮಂಚದ ಕಡೆ ಹೋಯಿತು.

ಈಗ ಹೋಗಿ ಮಲಗಿದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ. ಅದು ಗೊತ್ತಾದದ್ದೇ, ಉಚ್ಚಂಗೆಮ್ಮ ತಾಳ ಬಿಡದೆ, ಹೊಂಗೆ ಮರದ ರಾಗದಲ್ಲೇ ಎತ್ತಿದಳು:

ಕಬ್ಬಿಣ ಟ್ರಂಕು ತೆಗೆದು ನೋಡ್ರೀ
ಧಾರೆ ಸೀರೆಯ ಅಡಿಯಲೀ!

ಮುಂದಾಳು ಹಾಡಿದ್ದನ್ನು ಮೇಳ ತಿರುಗಿ ಹಾಡಬೇಕು, ಅದು ಧರ್ಮ. ಇಪ್ಪತ್ತೆರಡು ಜನ ಡೋಲಿನ ಸಮೇತ, ಧಾರೆ ಸೀರೆಯ ಅಡಿಯನ್ನು ಇಡೀ ಬೀದಿಗೆ ಕೇಳುವಂತೆ ಎರಡೆರಡು ಸಲ ಹಾಡಿದರು. ಪ್ರಸನ್ನಕುಮಾರ್ ಕೂಡ ಭಾವಾವೇಶದಲ್ಲಿ ದನಿ ತೆಗೆದುಬಿಟ್ಟ. ತಾಳ ಹಿಡಿದು ನಿದ್ದೆ ಹೋಗಿದ್ದ ಷಣ್ಮುಖಪ್ಪನ ಅತ್ತೆಗೆ ಎಚ್ಚರವಾಯಿತು. ಹಾಡು ನಿಂತಿತು. ಗಿಡ್ಡಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು ಹೊರಗೆ ಬಂದ.

"ಉಚ್ಚಂಗಕ್ಕಾ" ಎಂದರು ತಿಪ್ಪೇರುದ್ರಸ್ವಾಮಿಗಳು, "ಸಕ್ರಿ ಇಟ್ಕೊಂಡು ಮೂವತ್ತು ವರ್ಷ ನಮ್ಗೆ ಬೆಲ್ಲ ತೋರಿಸಿದ್ಯಲ್ಲ!"

ಜಗಲಿ ಹಾರಿಹೋಗುವಂತೆ ನಗು. ಗಿಡ್ಡಪ್ಪನೂ ನಗುತ್ತಿದ್ದ. ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರಿತ್ತು, ಸದ್ದು ಮಾತ್ರ ಇಲ್ಲ. ಹೊಳೆ ದಾಟಿ ಕೇಳಿಸುತ್ತಿದ್ದ ನಗು ಅದು. ನಾಚಿಕೆಯಿಂದ ಕೆಂಪಾಗಿದ್ದ ಉಚ್ಚಂಗೆಮ್ಮ, "ನಗ್ರಿ, ನಗ್ರಿ! ನಿಮ್ಮಿಂದ್ಲೇ ನನ್ನ ಮಾನ ಹೋತು" ಎಂದು ಗಂಡನ ಮೇಲೆ ಸಿಡಿದಳು. ತಿರುಗಿ ಬರುವ ಮಾತಿಗಾಗಿ ಕಾದಳು. ಕಾದದ್ದು ಅಭ್ಯಾಸಬಲ.

ಚಾ ಬಂತು. ಎಲ್ಲರಿಗೂ ಕೊಟ್ಟು, ಕೊನೆಯ ಲೋಟ ಅವಳ ಮುಂದಿಟ್ಟ.

"ನಿಮಗ್ರೀ?"

ಗಿಡ್ಡಪ್ಪ ಪಾತ್ರೆಯನ್ನು ಬೋರಲು ಮಾಡಿ ತೋರಿಸಿದ. ಉಚ್ಚಂಗೆಮ್ಮ ಮೂವತ್ತು ವರ್ಷ ಸೋಮವಾರಗಟ್ಟಲೆ ಅದೇ ಪಾತ್ರೆಯನ್ನು ಹಾಗೇ ಬೋರಲು ಹಾಕಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಒಂದು ಗುಟುಕು ಕುಡಿದಳು. ಡಬ್ಬಿಗೆ ಡಬ್ಬಿಯೇ ಸುರಿದಿದ್ದ, ಚಾ ಪಾಯಸವಾಗಿತ್ತು. 'ಸಕ್ರಿ ಹಾಕಾಕೆ ನಿಮ್ಮವ್ವ ಕಲಿಸ್ಲಿಲ್ವಾ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಹುಬ್ಬೇರಿಸಿ, ಹೆಂಗೈತೆ ಎನ್ನುವಂತೆ ನೋಡುತ್ತ ನಿಂತಿದ್ದ.

"ಚಂದಾಗೈತ್ರಿ" ಎಂದಳು. ಅರ್ಧ ಕುಡಿದು ಲೋಟವನ್ನು ಅವನ ಕಡೆ ಸರಿಸಿದಳು.

ಅಷ್ಟು ಹೇಳಿದ್ದೇ ತಪ್ಪಾಯಿತು. ಗಿಡ್ಡಪ್ಪ ಸ್ಲೇಟು ತಂದು ಬರೆದ. ಗದ್ದಲ ಕೇಳಿ ಪಕ್ಕದ ಮನೆಯಿಂದ ಬಂದಿದ್ದ ಅನ್ನಪೂರ್ಣ ಎಲ್ಲರಿಗೂ ಕೇಳುವಂತೆ ಓದಿದಳು: "'ಇನ್ಮೇಲೆ ಸೋಮವಾರದ ಚಾ ನಂದು. ಹಿಂಗೇ ಮಾಡ್ತೀನಿ. ನೀನು ಹಾಡು. ನಾಲ್ಕನೇ ಸಾಲು ಎಳೀಬ್ಯಾಡ.'"

ಮೇಳದವರು ತಂತಮ್ಮ ಲೋಟದೊಳಗೆ ನೋಡಿಕೊಂಡರು. ಕಣ್ಣು ಮುಚ್ಚಿ ಕುಡಿದು ಮುಗಿಸಿದ ಮೇಲೆ ಗಿಡ್ಡಪ್ಪ ಲೋಟಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋದ. ಸ್ವಾಮಿಗಳು ಹಾರ್ಮೋನಿಯಂ ಒತ್ತಿದರು. ಉಚ್ಚಂಗೆಮ್ಮ ನಾಲ್ಕನೇ ಸಾಲನ್ನು ಬೇಕೆಂದೇ ಎಳೆದಳು, ಉಸಿರು ಇರುವ ತನಕ ಎಳೆದಳು. ಎಳೆದು, ಕೂಗಿನ ಜಾಗಕ್ಕೆ ಬಂದು ಸುಮ್ಮನೆ ನಿಂತಳು. ಮೇಳವೂ ನಿಂತಿತು.

ಒಳಗಿನಿಂದ ಇಪ್ಪತ್ಮೂರು ಲೋಟ ತೊಳೆಯುವ ಸದ್ದು ಬರುತ್ತಿತ್ತು.