ಫ್ಲಾಪಿಯ ಪಾದಯಾತ್ರೆ

ಜೋಪಾನ ಮಾಡುವ ಚಟ ಹತ್ತಿದವನು ಕೆಲಸ ಮಾಡುವುದನ್ನು ಮರೆಯುತ್ತಾನೆ. ನಾನು ಅಂಥವನು. ಬೀಗ ಎಳೆದು ನೋಡಲು ಮೂರು ಸಲ ಮನೆಗೆ ಹಿಂದಿರುಗಿ, ಹುನಗುಂದದ ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ. ಇಂಥವನನ್ನು ಎಂಬತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ನೇಕಾರರ ಸಂಘವೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಶನಿವಾರದೊಳಗೆ ಐದುನೂರು ಸದಸ್ಯರ ಹೆಸರು, ಓಣಿ, ಮಗ್ಗದ ವಿವರ ಅದರೊಳಗೆ ಹೋಗಬೇಕು. ಇಲ್ಲವಾದರೆ ಯಂತ್ರ ಬಾಗಲಕೋಟೆಯ ಕಚೇರಿಗೆ, ನಾನು ಮತ್ತೆ ಹಳೆಯ ದಫ್ತರುಗಳ ಧೂಳಿಗೆ.

ಸೋಮವಾರ ನೂರಾ ಹತ್ತು ಹೆಸರು ಹೊಡೆಯುವಷ್ಟರಲ್ಲಿ ಕರೆಂಟು ಹೋಯಿತು. ಮರಳಿ ಬಂದಾಗ ಪರದೆ ಖಾಲಿ. ಸುಳ್ಳೇಕೆ ಹೇಳಲಿ, ಅಳುವೇ ಬಂತು.

ಮಂಗಳವಾರದಿಂದ ಒಂದೊಂದು ಹೆಸರಿಗೂ ಇಡೀ ಪಟ್ಟಿಯನ್ನು ಫ್ಲಾಪಿಯಲ್ಲಿ ಉಳಿಸತೊಡಗಿದೆ. ಉಳಿಸಿದರೆ ಸಾಲದು, ಫ್ಲಾಪಿ ಮ್ಯಾನೇಜರರ ತಿಜೋರಿಯಲ್ಲೇ ಇರಬೇಕೆಂದು ನನ್ನ ಜೀವ ಹಟ ಹಿಡಿಯಿತು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ನಿಷಿದ್ಧ. ಹೀಗಾಗಿ ಹೆಸರು ಹೊಡೆ, ಉಳಿಸು, ಚಪ್ಪಲಿ ಮೆಟ್ಟು, ಅಂಗಳ ದಾಟು, ತಿಜೋರಿಯಲ್ಲಿಡು. ಮುಂದಿನ ಹೆಸರಿಗೆ ಅದನ್ನೇ ಹೊತ್ತು ತಾ, ಚಪ್ಪಲಿ ಬಿಡು, ಕಾಲು ತೊಳೆ. ಬುಧವಾರ ಸಂಜೆಯವರೆಗೆ ಕರೆಂಟು ಒಮ್ಮೆಯೂ ಹೋಗಲಿಲ್ಲ. ಹೆಸರುಗಳೂ ನಲವತ್ತು ದಾಟಲಿಲ್ಲ. ಚಪ್ಪಲಿಯ ಉಂಗುಟ ಮಾತ್ರ ಹರಿಯಿತು.

ನಮ್ಮ ಕಚೇರಿಯ ಕಸ ಗುಡಿಸುವ ಮಾಳವ್ವ ಮನೆಯಲ್ಲಿ ಸೀರೆ ನೇಯುವವಳು. ಅಂಗಳದಲ್ಲಿ ನನ್ನನ್ನು ತಡೆದಳು. "ಏನ್ರಿ ಅಣ್ಣಾರ, ಮುಂಜಾನಿಂದ ಸುತ್ತಾಕತ್ತೀರಿ. ಹರಕಿ ಐತೇನ್ರಿ?"

ಸಂಕಟವನ್ನೆಲ್ಲ ತೋಡಿಕೊಂಡೆ. ಅವಳು ನಕ್ಕಳು. "ನಾವೂ ಎಳಿ ಹರಿದೀತು ಅಂತ ಅಂಜತೇವ್ರಿ. ಹಂಗಂತ ಎಳಿ ಎಳಿಗೂ ಮಗ್ಗ ಬಿಟ್ಟು ಎದ್ರ ಸೀರಿ ಯಾವಾಗ ಮುಗೀಬೇಕು? ಒಂದು ಗೇಣು ನೇಯೂದು, ಸುತ್ತಿಡೂದು, ಮುಂದ ಹೋಗೂದು. ಸುತ್ತಿಟ್ಟಿದ್ದನ್ನ ಮತ್ತ ಮತ್ತ ಯಾಕ ಮುಟ್ಟಬೇಕ್ರಿ?"

ಗುರುವಾರದಿಂದ ಇಪ್ಪತ್ತು ಹೆಸರಿಗೊಮ್ಮೆ, ಹೊಸ ಇಪ್ಪತ್ತನ್ನಷ್ಟೇ ಉಳಿಸಿದೆ. ಫ್ಲಾಪಿ ತಿಜೋರಿಗೆ ಹೋದದ್ದು ಸಂಜೆಗೊಂದೇ ಸಲ. ಶುಕ್ರವಾರ ಎರಡು ಬಾರಿ ಕರೆಂಟು ಹೋದರೂ ಕಳೆದದ್ದು ಹದಿನೇಳು ಹೆಸರು. ಬೈಯುತ್ತಲೇ ಮತ್ತೆ ಹೊಡೆದೆ. ಶನಿವಾರ ನಾಲ್ಕಕ್ಕೆ ಪಟ್ಟಿ ಮುಗಿಯಿತು. ಹೇಗೆ ಮುಗಿಸಿದಿರೆಂದು ಕೇಳಿದ ಮ್ಯಾನೇಜರರಿಗೆ ಇಪ್ಪತ್ತಿಪ್ಪತ್ತಾಗಿ ಉಳಿಸಿದ ಲೆಕ್ಕ ಹೇಳಿದೆ.

"ಭಲೇ! ಈ ಉಪಾಯ ಯಾರದ್ರಿ?" ಎಂದರು ಮ್ಯಾನೇಜರರು. ಮಾಳವ್ವ ಅಲ್ಲೇ ಗುಡಿಸುತ್ತಿದ್ದಳು.

"ನಂದ ರೀ ಸಾಹೇಬ್ರ. ಭಾಳ ವಿಚಾರ ಮಾಡಿ ಹುಡುಕೇನ್ರಿ," ಎಂದುಬಿಟ್ಟೆ. ನಾಚಿಕೆಯಾಯಿತು. ಆದರೆ ಮಾತು ಬಾಯಿ ದಾಟಿತ್ತು.

"ಹಂಗಾರ ನಿಮ್ಮಂಥಾ ಶಾಣ್ಯಾ ಮನಷ್ಯಾ ಇಲ್ಲೇ ಕೊಳೀಬಾರದ್ರಿ. ಸೋಮವಾರ ಬಾಗಲಕೋಟಿಗೆ ಹೋಗ್ರಿ. ಅಲ್ಲಿಯವರಿಗೂ ಕಲಸ್ರಿ."

ಕಂಪ್ಯೂಟರ್ ಇಳಕಲ್ಲಿನಲ್ಲೇ ಉಳಿಯಿತು, ನಾನು ಬಾಗಲಕೋಟೆಗೆ ಹೋದೆ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ. ಮಾಳವ್ವನ ಹೆಸರು ಹೇಳಿದ್ದರೆ ನನ್ನ ಕುರ್ಚಿಯಾದರೂ ಉಳಿಯುತ್ತಿತ್ತು.