ಕೊಟ್ರೇಶಿಯ ಅಂಕ, ಹಿಡಿಯುವವರ ತೂಕ

ಯಾರಾದರೂ ಎದುರಿಗೆ ಬಂದು "ಗೆದ್ದೆ" ಎಂದರೆ ಮೊದಲು ಸಂತೋಷ ಹೇಳಬೇಕು, ಉಳಿದದ್ದೆಲ್ಲ ಆಮೇಲೆ. ಇದು ಲೋಕದ ರೀತಿ. ನನಗೆ ಮಾತ್ರ ಈ ರೀತಿ ಇವತ್ತಿನವರೆಗೂ ಕೈಗೆ ಹತ್ತಿಲ್ಲ. ಗೆದ್ದವರ ಮುಖ ಕಂಡ ಕೂಡಲೇ ನನ್ನ ನಾಲಿಗೆ ತಾನಾಗಿ ಸೋತವರು ಯಾರೆಂದು ವಿಚಾರಿಸಲು ಹೊರಡುತ್ತದೆ. ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಟೀಚರಮ್ಮ ರಂಗೋಲಿ ಸ್ಪರ್ಧೆಯಲ್ಲಿ ಎರಡನೇ ಬಹುಮಾನದ ಸ್ಟೀಲ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ನಾನು ಬಹಳ ಗೌರವದಿಂದಲೇ, "ಎಷ್ಟು ಜನ ಹಾಕಿದ್ರಿ ಟೀಚರ್?" ಎಂದೆ. ಅವರು ಡಬ್ಬಿಯನ್ನು ಸೆರಗಿನಡಿ ಸೇರಿಸಿಕೊಂಡು ಮೇಲೆ ಹೋದರು. ಹಾಕಿದವರು ಇಬ್ಬರೇ ಎಂಬುದು ಆಮೇಲೆ ತಿಳಿಯಿತು. ಹಬ್ಬದ ದಿನ ಮೇಲಿನಿಂದ ಇಳಿದು ಬರುತ್ತಿದ್ದ ಹೋಳಿಗೆ ಅಂದಿನಿಂದ ನಿಂತಿದೆ. ಅಷ್ಟೇಕೆ, ನನ್ನ ಮದುವೆಯ ಹೊಸದರಲ್ಲಿ ಮಾವನವರು, "ಬಂದ ಸಂಬಂಧಗಳಲ್ಲೆಲ್ಲ ನಿಮ್ದೇ ಒಳ್ಳೇದು ಅಂತ ಆರಿಸಿದ್ವಿ" ಎಂದು ಪ್ರೀತಿಯಿಂದ ಹೇಳಿದಾಗ, ಉಳಿದ ವರಗಳ ವಿವರ ಕೇಳಿದ ಅಳಿಯ ನಾನು. ವಿವರ ಸಿಕ್ಕಿತು. ಸಿಕ್ಕ ಮೇಲೆ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು.

ನನ್ನ ಹೆಂಡತಿ ಸುಮಂಗಲಾ ಇದನ್ನು ರೋಗ ಎನ್ನುತ್ತಾಳೆ. ನಾನು ವಿವೇಕ ಎನ್ನುತ್ತೇನೆ. ಈ ಎರಡು ಅಭಿಪ್ರಾಯಗಳು ಇಷ್ಟು ವರ್ಷ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಿಕೊಂಡಿದ್ದವು. ಕೆಟ್ಟದ್ದು ಕಬಡ್ಡಿಯಿಂದ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಯಿದೆ. ಸಂಜೆಯಾದರೆ ನಾನು ಬಡಾವಣೆಯ ಕಬಡ್ಡಿ ತಂಡದ ಮ್ಯಾನೇಜರು. ಕಾಲೇಜಿನ ದಿನಗಳಲ್ಲಿ ಆಡಿದ್ದೆನೆಂಬುದು ನಾನು ಕೊಡುವ ಕಾರಣ. ಜೆರ್ಸಿ ಹೊಲಿಸಿ ಕೊಡುತ್ತೇನೆಂಬುದು ಹುಡುಗರು ಕೊಡುವ ಕಾರಣ. ನಮ್ಮ ತಂಡಕ್ಕೆ ಮಂಜು ಎಂಬ ಒಬ್ಬ ರೈಡರ್ ಇದ್ದ. ಎದುರಾಳಿಗಳ ಅಂಕಣಕ್ಕೆ ಹೋಗಿ ಮುಟ್ಟಿ ಬರುವ ಕೆಲಸವನ್ನೆಲ್ಲ ಅವನೊಬ್ಬನೇ ಮಾಡುತ್ತಿದ್ದುದರಿಂದ ಉಳಿದವರಿಗೆ ನಿಂತು ನೋಡುವ ಅಭ್ಯಾಸವಾಗಿತ್ತು. ಈ ವರ್ಷ ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮಂಜು ಬೈಕಿನಿಂದ ಬಿದ್ದು ಮೊಣಕಾಲು ತಿರುಚಿಕೊಂಡ. ಬದಲಿ ರೈಡರ್ ಎಂದು ಹೆಸರಿಗೆ ಒಬ್ಬನಿದ್ದ. ಅವನೇ ಕೊಟ್ರೇಶಿ, ಸುಮಂಗಲಾಳ ತಮ್ಮ. ಭಾನುವಳ್ಳಿಯವನು, ದಾವಣಗೆರೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಯಲ್ಲೇ ಇದ್ದಾನೆ. ತಂಡದಲ್ಲಿ ಅವನು ಅದುವರೆಗೆ ಮಾಡಿದ ಮುಖ್ಯ ಕೆಲಸವೆಂದರೆ ಮಂಜುವಿನ ಟವೆಲ್ ಹಿಡಿದು ಕೂರುವುದು.

ಮೊದಲ ಪಂದ್ಯ ಆನೆಕೊಂಡದ ಕಡೆಯ ಒಂದು ತಂಡದ ಮೇಲೆ. ಕೊಟ್ರೇಶಿ ಹೋದ, ಮುಟ್ಟಿದ, ಬಂದ. ಮತ್ತೆ ಹೋದ, ಇಬ್ಬರನ್ನು ಮುಟ್ಟಿ ಬಂದ. ಜನ ಸಿಳ್ಳೆ ಹೊಡೆದರು, ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದರು. ಎಲ್ಲರೂ ಕೊಟ್ರೇಶಿಯನ್ನು ನೋಡುತ್ತಿದ್ದರೆ ನಾನು ಆ ಕಡೆಯ ಹಿಡಿಯುವವರನ್ನು ನೋಡುತ್ತಿದ್ದೆ. ಅವರಲ್ಲಿ ಮೂವರು ಮಧ್ಯಾಹ್ನ ಮದುವೆಯೂಟ ಮುಗಿಸಿ ನೇರ ಮೈದಾನಕ್ಕೆ ಬಂದಿದ್ದರು. ಎಡತುದಿಯವನಿಗೆ ಬಗ್ಗಲು ಆಗುತ್ತಿರಲಿಲ್ಲ; ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಎರಡನೇ ಪಂದ್ಯದಲ್ಲಿ ಎದುರಿಗೆ ಸಿಕ್ಕವರು ಕಚೇರಿ ಮುಗಿಸಿ ಬಂದ ನೌಕರರು. ಕೊಟ್ರೇಶಿಯನ್ನು ಹಿಡಿದರೆ ಅಂಗಿ ಹರಿದೀತೆಂದು ದಾರಿ ಬಿಟ್ಟು ಕೊಡುವಷ್ಟು ಸಜ್ಜನರು.

ಅಂದು ಮನೆಯಲ್ಲಿ ಸುಮಂಗಲಾ ತಮ್ಮನಿಗೆಂದು ಪಾಯಸ ಮಾಡಿದ್ದಳು. ಸುಮ್ಮನೆ ಪಾಯಸ ಕುಡಿದು ಏಳಬಹುದಿತ್ತು. ನಾನು, "ಕೊಟ್ರೇಶಿ, ಇನ್ನೂ ನಿನ್ನ ಆಟ ಶುರುವಾಗಿಲ್ಲ" ಎಂದೆ.

"ಹಂಗಂದ್ರೆ ಏನ್ ಮಾವ? ಎರಡೂ ಮ್ಯಾಚ್ ಗೆದ್ವಲ್ಲ" ಎಂದ ಅವನು.

"ಗೆದ್ದದ್ದು ನಿಜ. ಆದರೆ ನಿನ್ನನ್ನ ಹಿಡಿಯೋರು ಯಾರೂ ಸಿಕ್ಕಿಲ್ಲ. ಎಡಗಾಲು ಹಿಂದೆ ಬಿಟ್ಟು ಓಡಿ ಬರ್ತೀಯ. ಹಿಡಿಯೋರು ಸಿಕ್ಕ ದಿನ ಅದು ಅವರ ಕೈಗೆ ಹೋಗುತ್ತೆ."

ಸುಮಂಗಲಾ ಸೌಟು ಕೆಳಗಿಟ್ಟಳು. "ಏನ್ರಿ ನಿಮ್ದು? ಹುಡುಗ ಗೆದ್ದು ಬಂದಾನೆ, ಒಂದು ಒಳ್ಳೆ ಮಾತಾಡಾಕೆ ನಿಮಗೆ ಏನಾಗೈತೆ? ಎದುರಿನೋರು ಊಟ ಮಾಡಿ ಬಂದ್ರೆ ಅದೂ ಇವನ ತಪ್ಪಾ?"

ನಾನು ತಾಳ್ಮೆಯಿಂದ ವಿವರಿಸಿದೆ. ನೀರಿಲ್ಲದ ಬಾವಿಯ ಮೇಲೆ ಇಟ್ಟು ಪಂಪನ್ನು ಪರೀಕ್ಷೆ ಮಾಡಿದರೆ ಅದರ ಗುಣ ತಿಳಿಯುವುದಿಲ್ಲ. ಆಳದಿಂದ ನೀರೆತ್ತಿಸಿದಾಗಲೇ ಮೋಟಾರಿನ ದಮ್ಮು ಗೊತ್ತಾಗುವುದು ಎಂದೆ. ನನ್ನ ಪ್ರಕಾರ ಅದು ಬಹಳ ಒಳ್ಳೆಯ ಉದಾಹರಣೆ. ಆದರೆ ತಮ್ಮನನ್ನು ಪಂಪಿಗೆ ಹೋಲಿಸಿದ್ದನ್ನು ಅಕ್ಕ ಸಹಿಸಲಿಲ್ಲ. ನನ್ನ ಲೋಟಕ್ಕೆ ಬಂದ ಪಾಯಸದಲ್ಲಿ ದ್ರಾಕ್ಷಿ, ಗೋಡಂಬಿ ಎರಡೂ ಇರಲಿಲ್ಲ.

ಮೂರನೇ ಪಂದ್ಯ ಹರಿಹರದಲ್ಲಿ. ಅಲ್ಲಿನ ತಂಡದ ಎರಡು ತುದಿಗಳಲ್ಲಿ ಇಬ್ಬರು ಅಣ್ಣತಮ್ಮಂದಿರು, ಗರಡಿಯಲ್ಲಿ ಪಳಗಿದ ಪೈಲ್ವಾನರು. ಅವರು ಅಂಕಣಕ್ಕೆ ಇಳಿದಾಗ ನೆಲ ಸಣ್ಣದಾದಂತೆ ಕಂಡಿತು. ಕೊಟ್ರೇಶಿ ಎಂದಿನಂತೆ ಬಲಕ್ಕೆ ನುಗ್ಗಿ ತಿರುಗಿದ. ದೊಡ್ಡ ಪೈಲ್ವಾನ ಅವನ ಎಡಗಾಲಿನ ಹಿಮ್ಮಡಿಯನ್ನು ಅಂಗಡಿಯಲ್ಲಿ ಸಾಮಾನು ಎತ್ತಿಕೊಳ್ಳುವಷ್ಟು ಸಲೀಸಾಗಿ ಎತ್ತಿಕೊಂಡ. ಎರಡನೇ ಸಲ ಚಿಕ್ಕವನು ಹಿಡಿದ. ಮೂರನೇ ಸಲ ಇಬ್ಬರೂ ಸೇರಿ ಹಿಡಿದರು. ಒಟ್ಟು ಪಂದ್ಯದಲ್ಲಿ ಅವನು ತಂದದ್ದು ನಾಲ್ಕೇ ಅಂಕ. ನಾವು ಚೆನ್ನಾಗಿಯೇ ಸೋತೆವು. ಅದುವರೆಗಿನ ಗೆಲುವುಗಳ ಬಲದಿಂದ ತಂಡ ಪಂದ್ಯಾವಳಿಯಲ್ಲಿ ಉಳಿದುಕೊಂಡಿತಷ್ಟೇ.

ವಾಪಸು ಬರುವಾಗ ಟೆಂಪೋದಲ್ಲಿ ಕೊಟ್ರೇಶಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಕುಳಿತಿದ್ದ. ಆ ವಾಹನದಲ್ಲಿ ಸಂತೋಷವಾಗಿದ್ದವನು ನಾನೊಬ್ಬನೇ. ಮೂರು ಸಲ ಸಿಕ್ಕಿಬಿದ್ದ ಮೇಲೆ ಕೊಟ್ರೇಶಿ ನಾಲ್ಕನೇ ಸಲ ಹೋದಾಗ ಓಡಿರಲಿಲ್ಲ. ನಡುವೆ ನಿಂತುಬಿಟ್ಟಿದ್ದ. ಉಸಿರು ಹಿಡಿದು, ದೊಡ್ಡ ಪೈಲ್ವಾನನನ್ನು ನೋಡುತ್ತ ನಿಂತಿದ್ದ. ಪೈಲ್ವಾನ ತಾಳ್ಮೆ ತಪ್ಪಿ ಒಂದು ಹೆಜ್ಜೆ ಮುಂದೆ ಬಂದ. ಚಾಚಿದ ಅವನ ಕೈಯನ್ನೇ ಮುಟ್ಟಿ ಇವನು ಹಿಂದಕ್ಕೆ ಜಿಗಿದಿದ್ದ. ಅಲ್ಲಿಂದ ಮುಂದೆ ಬಂದ ಅಂಕಗಳೆಲ್ಲ ಹಾಗೆ ಬಂದವೇ. ಮೊದಲಿನ ಎರಡು ಪಂದ್ಯಗಳ ರಾಶಿ ಅಂಕಗಳಿಗಿಂತ ಈ ನಾಲ್ಕು ನನಗೆ ಭಾರವಾಗಿ ಕಂಡವು. ತಡೆಯಲಾರದೆ, "ಕೊಟ್ರೇಶಿ, ಇವತ್ತು ನೀನು ಆಡಿದ್ದು ಆಟ!" ಎಂದೆ.

ಅವನು ಟವೆಲ್ ತೆಗೆದ. ಕಣ್ಣುಗಳು ಕೆಂಪಾಗಿದ್ದವು. "ಗೆದ್ರೆ ಬೈತೀರಿ, ಸೋತ್ರೆ ಹೊಗಳ್ತೀರಿ. ಚೇಷ್ಟೆ ಮಾಡಬ್ಯಾಡ್ರಿ ಮಾವ" ಎಂದ. ಮರುದಿನ ಶೋರೂಮಿಗೆ ರಜೆ ಹೇಳಿ ಭಾನುವಳ್ಳಿಗೆ ಹೋಗಿಬಿಟ್ಟ. ಸುಮಂಗಲಾ ನನ್ನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಟ್ಟರೆ ಮನೆಯಲ್ಲಿ ಮೌನವೇನೂ ಇರುವುದಿಲ್ಲ, ಪಾತ್ರೆಗಳು ಮಾತಾಡುತ್ತವೆ.

ಅಷ್ಟರಲ್ಲಿ ನಾವು ನಿಂತು ನೋಡುತ್ತಿದ್ದ ಹುಡುಗರನ್ನೇ ರೈಡಿಗೆ ಕಳಿಸಿ ಇನ್ನೊಂದು ತಂಡವನ್ನು ಹೇಗೋ ದಾಟಿ ಫೈನಲ್ ತಲುಪಿದೆವು. ಎದುರಿಗೆ ಮತ್ತೆ ಅದೇ ಹರಿಹರದವರು, ಅದೇ ಪೈಲ್ವಾನರು. ಮಂಜುವಿನ ಕಾಲೂ ಸರಿಹೋಗಿತ್ತು. ಎಲ್ಲರಿಗೂ ವಿಷಯ ಇತ್ಯರ್ಥವಾದಂತೆಯೇ. ನಾನು ಮಾತ್ರ, ಕೊಟ್ರೇಶಿಯೇ ಮೊದಲು ಇಳಿಯಲಿ, ಮಂಜು ಬದಲಿಯಾಗಿ ಕೂರಲಿ ಎಂದೆ. ನಾಯಕ ಕರಿಬಸಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಅವನು ನಿಮ್ಮ ಮನೆ ಹುಡುಗ, ನಮಗೂ ಬೇಕಾದವನು. ಆದ್ರೆ ಇದು ಫೈನಲ್ಲು. ಹೋದ ಸಲ ಅವನ್ನ ಹಿಡಿದು ಹಿಡಿದು ಅವರ ಕೈ ನೊಂದಿರಬೇಕು."

"ಮಂಜು ಆ ಪೈಲ್ವಾನರನ್ನ ಒಂದು ಸಲವೂ ಎದುರಿಸಿಲ್ಲ. ಅವರ ಕೈಗೆ ಸಿಕ್ಕು ಅವರನ್ನ ಓದಿಕೊಂಡು ಬಂದವನು ಕೊಟ್ರೇಶಿ ಒಬ್ಬನೇ" ಎಂದೆ.

"ಸೋತ್ರೆ?"

"ಸೋತರೆ ನಾಳೆಯಿಂದ ಮ್ಯಾನೇಜರ್ ನೀನೇ. ನಾನು ಅಂಗಡಿಯಿಂದ ನೇರ ಮನೆಗೆ ಹೋಗ್ತೀನಿ."

ಮನೆಗೆ ನೇರ ಹೋಗುವುದು ಆ ದಿನಗಳಲ್ಲಿ ನನಗೆ ಎಂಥ ಶಿಕ್ಷೆಯೆಂದು ಕರಿಬಸಪ್ಪನಿಗೂ ಗೊತ್ತಿತ್ತು. ಅವನು ಒಪ್ಪಿದ. ಈಗ ಆಡುವವನನ್ನು ಒಪ್ಪಿಸಬೇಕಿತ್ತು. ಸುಮಂಗಲಾಳಿಗೆ ಹೇಳದೆ ಸ್ಕೂಟರ್ ಹತ್ತಿ ಭಾನುವಳ್ಳಿಗೆ ಹೋದೆ. ಕೊಟ್ರೇಶಿ ಕಾಲುವೆಯ ಏರಿಯ ಮೇಲೆ ಬೈಕು ತೊಳೆಯುತ್ತಿದ್ದ.

"ಅಕ್ಕ ಕಳಿಸಿದ್ಳಾ ಮಾವ?"

"ಇಲ್ಲ. ನಾನು ಬಂದದ್ದು ಅವಳಿಗೆ ಗೊತ್ತಿಲ್ಲ. ಒಂದು ಮಾತು ಹೇಳು. ಆವತ್ತು ನಾಲ್ಕನೇ ಸಲ ಹೋದಾಗ ಯಾಕೆ ನಿಂತೆ?"

ಅವನು ಬೈಕು ಒರೆಸುವ ಬಟ್ಟೆ ಹಿಂಡಿದ. "ಹೆದರಿಕೆ ಆತು ಮಾವ. ಓಡಿದ್ರೆ ಮತ್ತ ಹಿಡೀತಾರೆ ಅನ್ನಿಸ್ತು. ಅದಕ್ಕೆ ನಿಂತೆ."

"ಹೆದರಿದವನು ನೆಲ ನೋಡ್ತಾನೆ. ನೀನು ಅವನ ಕಾಲು ನೋಡ್ತಿದ್ದೆ. ಅವನು ಮುಂದೆ ಬರೋ ಮೊದಲು ಏನು ಮಾಡಿದ?"

ಕೊಟ್ರೇಶಿ ಬಟ್ಟೆ ಕೆಳಗೆ ಬಿಟ್ಟ. "ಬಲ ಹಿಮ್ಮಡಿ ಎತ್ತಿದ" ಎಂದ. ಹಾಗೆಂದವನೇ ತನ್ನ ಮಾತಿಗೆ ತಾನೇ ಬೆರಗಾಗಿ ನನ್ನ ಮುಖ ನೋಡಿದ. ಆ ಕ್ಷಣ ನನಗೆ ಫೈನಲ್ ಗೆದ್ದಷ್ಟೇ ಆಯಿತು. ಅಲ್ಲೇ ಏರಿಯ ಮೇಲೆ ನಾನು ದೊಡ್ಡ ಪೈಲ್ವಾನನಾಗಿ ನಿಂತೆ, ಅವನು ರೈಡಿಗೆ ಬಂದ. ಹಿಮ್ಮಡಿ ಎತ್ತಿ ಮುಂದೆ ನುಗ್ಗಿದ ನಾನು ಕಾಲುವೆಗೆ ಬೀಳುವುದರಲ್ಲಿದ್ದೆ. ಅವನೇ ಅಂಗಿ ಹಿಡಿದು ಎಳೆದುಕೊಂಡ. ಇಬ್ಬರೂ ನಕ್ಕೆವು. ಸಂಜೆ ನನ್ನ ಸ್ಕೂಟರಿನ ಹಿಂದೆಯೇ ಅವನ ಬೈಕು ದಾವಣಗೆರೆಗೆ ಬಂತು. ಅಕ್ಕ ಮಾತ್ರ, "ಅವನ್ನ ಮತ್ತ ಆ ಪೈಲ್ವಾನ್ರ ಕೈಗೆ ಕೊಡ್ತೀರಾ?" ಎಂದು ಕೇಳಿದಳು. ಬಹಳ ದಿನಗಳ ಮೇಲೆ ನನ್ನ ಜೊತೆ ಆಡಿದ ಮಾತು ಅದು.

ಫೈನಲ್ ದಿನ ಸುಮಂಗಲಾ ತಾನೂ ಹರಿಹರಕ್ಕೆ ಬಂದು ಹೆಂಗಸರ ಸಾಲಿನಲ್ಲಿ ಕುಳಿತಳು. ಕೊಟ್ರೇಶಿ ಮೊದಲ ರೈಡಿಗೆ ಹೋದ, ಚಿಕ್ಕ ಪೈಲ್ವಾನನ ಕೈಗೆ ಸಿಕ್ಕ. ಮಂಜು ಎದ್ದು ನಿಂತು ಮೈ ಸಡಿಲಿಸತೊಡಗಿದ. ಕರಿಬಸಪ್ಪ ಅಂಕಣದ ಒಳಗಿನಿಂದಲೇ ನನ್ನನ್ನು ನೋಡಿದ. ಹೆಂಗಸರ ಸಾಲಿನ ಕಡೆ ನಾನು ನೋಡಲೇ ಇಲ್ಲ. "ಮಂಜು, ಕೂತ್ಕೊ" ಎಂದೆ. ನನ್ನ ಧ್ವನಿ ಗಟ್ಟಿಯಾಗಿತ್ತು.

ಕರಿಬಸಪ್ಪ ಆ ಕಡೆಯ ರೈಡರನ್ನು ಕೆಡವಿದ ಮೇಲೆ ಕೊಟ್ರೇಶಿ ಮತ್ತೆ ಒಳಗೆ ಬಂದ. ಈ ಸಲ ಅವನು ಓಡಲಿಲ್ಲ. ನಿಂತ. ಕಾದ. ದೊಡ್ಡವನ ಹಿಮ್ಮಡಿ ಎದ್ದಿತು. ಅದು ನೆಲ ಮುಟ್ಟುವುದರೊಳಗೆ ಇವನು ಮುಟ್ಟಿ ಗೆರೆ ದಾಟಿದ್ದ. ಆಮೇಲೆ ನಡೆದದ್ದು ಎರಡೂ ಕಡೆ ಬುದ್ಧಿವಂತರಿದ್ದಾಗ ನಡೆಯುವ ಆಟ. ಅವರೂ ಹಿಡಿದರು, ಇವನೂ ಮುಟ್ಟಿದ. ಒಂದೊಂದು ಅಂಕಕ್ಕೂ ಮೈದಾನ ಉಸಿರು ಕಟ್ಟುತ್ತಿತ್ತು. ಕೊನೆಯ ಹೊತ್ತಿಗೆ ನಾವು ಸ್ವಲ್ಪ ಮುಂದಿದ್ದಾಗ ಕೊಟ್ರೇಶಿ ಅವರ ಅಂಕಣಕ್ಕೆ ಹೋಗಿ, ಯಾರನ್ನೂ ಮುಟ್ಟದೆ, ಇಬ್ಬರು ಪೈಲ್ವಾನರನ್ನೂ ತನ್ನ ಹಿಂದೆ ಕುಣಿಸಿ, ಹೊತ್ತು ಕಳೆದು ಖಾಲಿ ಕೈಯಲ್ಲಿ ಬಂದ. ಜನ ಕೂಗಿ ಛೇಡಿಸಿದರು. ನನಗೆ ಇಡೀ ಪಂದ್ಯಾವಳಿಯಲ್ಲಿ ಅತ್ಯಂತ ಚಂದ ಕಂಡ ರೈಡು ಅದೇ. ಅದಾದ ಮೇಲೆ ಸೀಟಿ ಊದಿದರು. ಗೆದ್ದೆವು.

ದೊಡ್ಡ ಪೈಲ್ವಾನ ಬಂದು ಕೊಟ್ರೇಶಿಯ ಹೆಗಲ ಮೇಲೆ ಕೈಯಿಟ್ಟ. "ಹೋದ ಸಲ ಎಡಗಾಲು ನಮಗೇ ಬಿಟ್ಟು ಹೋಗ್ತಿದ್ದಿ. ಈ ಸಲ ಅದನ್ನ ಎಲ್ಲಿ ಮುಚ್ಚಿಟ್ಟಿದ್ದೆಪಾ?" ಎಂದು ನಕ್ಕ. ಕೊಟ್ರೇಶಿ ನನ್ನ ಕಡೆ ಕೈ ತೋರಿಸಿದ. ಸುಮಂಗಲಾ ಜನರ ನಡುವೆ ದಾರಿ ಮಾಡಿಕೊಂಡು ಬಂದವಳು ತಮ್ಮನ ಬೆನ್ನು ಸವರಿ, ನನ್ನತ್ತ ತಿರುಗಿ, "ನಿಮ್ದೇ ಖರೆ ಆತು ಬಿಡ್ರಿ" ಎಂದಳು. ಮದುವೆಯಾದಂದಿನಿಂದ ನಾನು ಈ ವಾಕ್ಯಕ್ಕೆ ಕಾದಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಗೆದ್ದ ಮ್ಯಾನೇಜರಿಗೆ ಸುಮ್ಮನಿರಲು ಬರುವುದಿಲ್ಲ. ಮುಂದಿನ ವಾರ ಅಭ್ಯಾಸದ ಹೊತ್ತಿಗೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೋಗಿ, ನಿಂತು ಆಡುವ ರೈಡು ಹೇಗಿರಬೇಕೆಂದು ಹುಡುಗರಿಗೆ ನಾನೇ ತೋರಿಸಿಕೊಟ್ಟೆ. ನಿಂತೆ, ಕಾದೆ, ಕರಿಬಸಪ್ಪನನ್ನು ಮುಟ್ಟಿದೆ. ಅವನು ಕಡಿದ ಮರದಂತೆ ಉರುಳಿದ. ಇನ್ನಿಬ್ಬರನ್ನು ಮುಟ್ಟಿ, ಏದುಸಿರು ಬಿಡುತ್ತ ಗೆರೆಯ ಈಚೆ ಬಂದೆ. ಒಂದೇ ರೈಡಿಗೆ ಮೂರು ಅಂಕ! ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಸವಿಸ್ತಾರವಾಗಿ ವರ್ಣಿಸಿದೆ. ಊಟಕ್ಕೆ ಕುಳಿತಿದ್ದ ಕೊಟ್ರೇಶಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಸುಮಂಗಲಾ ರೊಟ್ಟಿ ತಿರುವಿ ಹಾಕುತ್ತ, "ಸದ್ಯ, ನನ್ನ ಮಾತು ನಡೆಸಿದ್ರು ಹುಡುಗ್ರು. ನೀವು ಟ್ರ್ಯಾಕ್ ಪ್ಯಾಂಟ್ ತೆಗೆದಿಟ್ಟಿದ್ದು ನೋಡಿ ಕರಿಬಸಪ್ಪಗೆ ಬೆಳಿಗ್ಗೆನೇ ಫೋನ್ ಮಾಡಿದ್ದೆ. ಇವರು ಬಿ.ಪಿ. ಗುಳಿಗೆ ನುಂಗತಾರೆ, ಸೊಂಟನೂ ಸರಿ ಇಲ್ಲ, ಯಾರೂ ಹಿಡೀಬ್ಯಾಡ್ರಪ್ಪ, ಮುಟ್ಟಿದ ಕೂಡ್ಲೇ ಬಿದ್ದುಬಿಡ್ರಿ ಅಂತ ಹೇಳಿದ್ದೆ" ಎಂದಳು.

ನಾನು ಕೈತೊಳೆದು ಊಟಕ್ಕೆ ಕುಳಿತೆ. ಆ ದಿನದ ಆಟದ ಬಗ್ಗೆ ಅಂಗಡಿಗೆ ಬಂದವರು ಯಾರಾದರೂ ಕೇಳಿದರೆ ಈಗಲೂ ಅಂಕ ಮೂರು ಎಂದು ಹೇಳುತ್ತೇನೆ. ಹಿಡಿಯಲು ನಿಂತವರ ವಿಷಯ ಅವರೂ ಕೇಳುವುದಿಲ್ಲ, ನಾನೂ ಎತ್ತುವುದಿಲ್ಲ.